ಎಷ್ಟು ಬರುತ್ತೆ?

ಹಳೇ ಮರದ ಕ್ಯಾಮೆರಾ ಕಂಡರೆ ಯಾರಾದ್ರೂ ಕೇಳೋ ಮೊದಲ ಪ್ರಶ್ನೆ ಒಂದೇ: "ಮಾರಿದ್ರೆ ಎಷ್ಟು ಬರುತ್ತೆ?" ಹಾಗೆ ಕೇಳೋದರಲ್ಲಿ ತಪ್ಪೇನಿಲ್ಲ. 2010ರಲ್ಲಿ ವಿಯೆನ್ನಾದ ಹರಾಜಿನಲ್ಲಿ 1839ರ ಒಂದು ಮರದ ಕ್ಯಾಮೆರಾ 7,32,000 ಯೂರೋಗೆ ಹೋಯಿತು. ಪ್ಯಾರಿಸ್‌ನ ಜಿರೂ ಅನ್ನೋರು ಮಾಡಿ ಮಾರಿದ ದಾಗೇರ್ ವಿನ್ಯಾಸದ ಪೆಟ್ಟಿಗೆ ಅದು. ದಾಗೇರ್ ಸಹಿ, ಜಿರೂ ಮುದ್ರೆ ಎರಡೂ ಇಲ್ಲದಿದ್ದರೆ ಗ್ಯಾರಂಟಿ ಇಲ್ಲ ಅಂತ ಅದರ ಫಲಕದ ಮೇಲೆಯೇ ಬರೆದಿದೆ. ಅಂದ್ರೆ ಕ್ಯಾಮೆರಾ ಮಾರಾಟ ಶುರುವಾದ ದಿನದಿಂದಲೇ ನಕಲಿಯ ಭಯವೂ ಇತ್ತು.

ಇಂಥ ಸುದ್ದಿ ಓದಿದ ಮೇಲೆ ಅಟ್ಟದ ಮೇಲಿರೋ ಪ್ರತಿ ಪೆಟ್ಟಿಗೆಯೂ ಲಕ್ಷಗಟ್ಟಲೆ ಬಾಳುವ ಹಾಗೆ ಕಾಣುತ್ತೆ. ನಮ್ಮ ಹಾಸ್ಟೆಲ್ ಗೆಳೆಯನ ಮನೇಲೂ ಅಂಥದ್ದೊಂದು ಇದೆ. ಅವನ ತಾತ ಅರಸೀಕೆರೆ ಕಡೆ ಒಂದು ಸಣ್ಣ ಊರಲ್ಲಿ ಸ್ಟುಡಿಯೋ ಇಟ್ಟಿದ್ದರಂತೆ. ಬೆಂಗಳೂರಿನ ಒಬ್ಬರು ಆ ಕ್ಯಾಮೆರಾಕ್ಕೆ 8,000 ರೂಪಾಯಿ ಕೊಡ್ತೀನಿ ಅಂದಿದ್ದರು. ತಳಕ್ಕೆ ತೂತು ಹೊಡೆದು, ಒಳಗೆ ಬಲ್ಬ್ ಹಾಕಿ, ಸ್ಟ್ಯಾಂಡ್ ಲ್ಯಾಂಪ್ ಮಾಡೋದು ಅವರ ಪ್ಲಾನ್. ಮಳೆಗಾಲದೊಳಗೆ ಮನೆಯ ಹೆಂಚು ಬದಲಾಯಿಸಬೇಕಿತ್ತು, ದುಡ್ಡು ಬೇಕಿತ್ತು. "ನೀವು ಇಂಜಿನಿಯರಿಂಗ್ ಓದೋ ಹುಡುಗ್ರು, ನ್ಯಾಯವಾದ ರೇಟಾ ಇದು, ನೋಡಿ ಹೇಳ್ರಪ್ಪ" ಅಂತ ಅವನ ತಂದೆ ಫೋನಲ್ಲಿ ಕೇಳಿದರು. ಸ್ಕೇಲು, ಟಾರ್ಚು, ವರ್ನಿಯರ್ ಕ್ಯಾಲಿಪರ್ ಹಿಡ್ಕೊಂಡು ಒಂದು ಶನಿವಾರ ನಾವು ಮೂವರು ಹೊರಟೆವು.

ಮೊದಲು ನೋಡಿದ್ದು ಸ್ಕ್ರೂ. ಪ್ಲಸ್ ತಲೆಯ ಸ್ಕ್ರೂ ಬಳಕೆಗೆ ಬಂದದ್ದೇ 1930ರ ದಶಕದಲ್ಲಿ. 1890ರ ಕ್ಯಾಮೆರಾ ಅಂತ ಹೇಳಿ ಮಾರೋದರಲ್ಲಿ ಪ್ಲಸ್ ಸ್ಕ್ರೂ ಕಂಡರೆ, ಒಂದೋ ಯಾವಾಗಲೋ ರಿಪೇರಿ ಆಗಿದೆ, ಇಲ್ಲಾ ಅದು ಷೋಕೇಸಿಗೆ ಮಾಡಿದ ಆಟಿಕೆ. ಇದರಲ್ಲಿ ಎಲ್ಲವೂ ಒಂದೇ ಗೀಟಿನ ಹಿತ್ತಾಳೆ ಸ್ಕ್ರೂ. ಆಮೇಲೆ ಬೆಲ್ಲೋಸ್, ಅಂದರೆ ಹಾರ್ಮೋನಿಯಂ ತಿದಿಯ ಹಾಗೆ ಮಡಚಿಕೊಳ್ಳೋ ಭಾಗ. ಕತ್ತಲೆ ಕೋಣೆಯಲ್ಲಿ ಒಳಗಿಂದ ಟಾರ್ಚ್ ಹಾಕಿದರೆ ಎರಡು ಮೂಲೆಯಲ್ಲಿ ಮಾತ್ರ ಸೂಜಿಮೊನೆಯಷ್ಟು ಬೆಳಕು ಸೋರಿತು. ಷೋಪೀಸುಗಳಲ್ಲಿ ಬೆಳಕು ತಡೆಯೋ ವ್ಯವಸ್ಥೆಯೇ ಇರಲ್ಲ. ಹಿಂದೆ ಮಸುಕು ಗಾಜೂ ಇರಲ್ಲ, ಪ್ಲೇಟ್ ಹೋಲ್ಡರ್ ಕೂರೋ ಜಾಗವೂ ಇರಲ್ಲ.

ಹೋಲ್ಡರ್ ಒಳಗೆ ಅಳೆದರೆ 4¾ × 6½ ಇಂಚು. ಹಾಫ್ ಪ್ಲೇಟ್ ಅನ್ನೋದು ಇದಕ್ಕೇ. ಇದರ ಡಯಾಗೊನಲ್ ಸುಮಾರು 8 ಇಂಚು, ಹಾಗಾಗಿ ಲೆನ್ಸಿನ ಫೋಕಲ್ ಲೆಂಗ್ತ್ ಕೂಡ ಅದರ ಆಸುಪಾಸಿನಲ್ಲಿ ಇರಬೇಕು. ದೂರದ ತೆಂಗಿನ ಮರವನ್ನ ಮಸುಕು ಗಾಜಿನ ಮೇಲೆ ಫೋಕಸ್ ಮಾಡಿ, ಲೆನ್ಸಿನಿಂದ ಗಾಜಿಗೆ ಅಳೆದೆವು: 21 ಸೆಂಟಿಮೀಟರ್. ಮರ ತಲೆಕೆಳಗಾಗಿ ಬಿತ್ತು. ಹತ್ತನೇ ಕ್ಲಾಸಲ್ಲಿ ಬರೀ ರೇಖಾಚಿತ್ರವಾಗಿದ್ದದ್ದು ಕಣ್ಣೆದುರಿಗೇ ಬಂತು.

ಲೆನ್ಸಿನ ಮುಂದೆ ಮೊಬೈಲ್ ಟಾರ್ಚ್ ಹಿಡಿದು ಪ್ರತಿಬಿಂಬ ಎಣಿಸಿದೆವು. ನಾಲ್ಕು ಹೊಳಪಿನವು, ಎರಡು ಮಂಕಾದವು. ಇದು ರ‍್ಯಾಪಿಡ್ ರೆಕ್ಟಿಲಿನಿಯರ್ ಜಾತಿಯ ಲಕ್ಷಣ. ಎರಡೆರಡು ಗಾಜು ಅಂಟಿಸಿದ ಒಂದೇ ಥರದ ಜೋಡಿ, ಮುಂದೊಂದು ಹಿಂದೊಂದು. ಆ ವಿನ್ಯಾಸ 1866ರದ್ದು. ಹಾಗಂತ ಕ್ಯಾಮೆರಾ ಅಷ್ಟು ಹಳೇದು ಅನ್ನೋ ಹಾಗಿಲ್ಲ. ಲೆನ್ಸ್ ಬಿಚ್ಚಿ ಹಾಕೋ ವಸ್ತು. ಪೆಟ್ಟಿಗೆಗೆ ಒಂದು ವಯಸ್ಸು, ಲೆನ್ಸಿಗೆ ಇನ್ನೊಂದು.

ಪೆಟ್ಟಿಗೆಯ ವಯಸ್ಸು ಹೇಳಿದ್ದು ಮುಂಭಾಗದ ಹಿತ್ತಾಳೆ ಪಟ್ಟಿ. ಒಣ ಬಟ್ಟೆಯಲ್ಲಿ ಧೂಳು ಒರೆಸಿದಾಗ ಕಾಣಿಸಿದ ಹೆಸರು ವಾಗೀಶ್ವರಿ. ಇಂಗ್ಲೆಂಡಿಂದ ಬಂದದ್ದಲ್ಲ, ಕೇರಳದ ಆಲಪ್ಪುಳದ್ದು. ಸಂಗೀತ ವಾದ್ಯ ರಿಪೇರಿ ಮಾಡೋ ಮನೆತನದ ಕೆ. ಕರುಣಾಕರನ್ ಅಲ್ಲಿ 1940ರ ದಶಕದಲ್ಲಿ ಇದನ್ನ ಮಾಡೋಕೆ ಶುರು ಮಾಡಿದರು. ಕ್ಯಾಮೆರಾದ ಬೆಲ್ಲೋಸ್ ಸರಿಮಾಡಿದ ಕೈಗಳೇ ಮುಂದೆ ಇಡೀ ಕ್ಯಾಮೆರಾ ಮಾಡಿದವು. ಹಾರ್ಮೋನಿಯಂ ಹೋಲಿಕೆ ಸುಮ್ಮನೆ ಬಂದದ್ದಲ್ಲ, ನೋಡಿ.

ಗೆಳೆಯನ ತಂದೆಯ ಮುಖ ಸ್ವಲ್ಪ ಸಪ್ಪಗಾಯಿತು. "ಹಂಗಾದ್ರೆ ಫಾರಿನ್ ಅಲ್ವಾ?" ಅಂದರು. ಫಾರಿನ್ ಆದ ಮಾತ್ರಕ್ಕೆ ಅಪರೂಪ ಅಲ್ಲ ಅಂಕಲ್ ಅಂತ ವಿವರಿಸಿದೆವು. ಥಾರ್ನ್‌ಟನ್-ಪಿಕಾರ್ಡ್‌ನಂಥ ಇಂಗ್ಲೆಂಡಿನ ಕಂಪನಿಗಳು ಮರದ ಕ್ಯಾಮೆರಾಗಳನ್ನ ದೊಡ್ಡ ಸಂಖ್ಯೆಯಲ್ಲೇ ಮಾಡಿದ್ದವು. ವಯಸ್ಸು ಬೇರೆ, ಅಪರೂಪ ಬೇರೆ, ಬೇಡಿಕೆ ಬೇರೆ. ಬೆಲೆ ನಿಲ್ಲೋದು ಈ ಮೂರರ ಮೇಲೆ, ಜೊತೆಗೆ ಸ್ಥಿತಿಯ ಮೇಲೆ: ಹೋಲ್ಡರ್, ಸ್ಟ್ಯಾಂಡು, ಮೂಲ ಬೆಲ್ಲೋಸ್ ಇದೆಯಾ, ಯಾರಾದ್ರೂ ಹೊಸದಾಗಿ ಪಾಲಿಶ್ ಹೊಡೆದಿದ್ದಾರಾ. ಆನ್‌ಲೈನಲ್ಲಿ ಕೇಳಿರೋ ಬೆಲೆ ನೋಡಬಾರದು, ನಿಜವಾಗಿ ಮಾರಾಟವಾದ ಬೆಲೆ ನೋಡಬೇಕು. ತೂತು ಹೊಡೆದರಂತೂ ಕ್ಯಾಮೆರಾ ಹೋಗಿ ಮರ, ಹಿತ್ತಾಳೆ ಮಾತ್ರ ಉಳಿಯುತ್ತೆ.

ಇಷ್ಟು ಹೊತ್ತು ಸುಮ್ಮನೆ ಕೂತಿದ್ದ ಅಜ್ಜಿ ಒಳಗಿಂದ ಎರಡು ಟ್ರಂಕ್ ಎಳೆಸಿದರು. ಒಂದರ ತುಂಬ ಪೇಪರ್ ಸುತ್ತಿದ ಗಾಜಿನ ನೆಗೆಟಿವ್. ಇನ್ನೊಂದರಲ್ಲಿ ತಾತನ ರಿಜಿಸ್ಟರು: ನಂಬರು, ಹೆಸರು, ಊರು, ಎಷ್ಟು ಕಾಪಿ. ಅಂಕಿಗಳೂ ಕನ್ನಡದವೇ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಾವು ೬ ಯಾವುದು, ೯ ಯಾವುದು ಅಂತ ಬೆರಳಿಟ್ಟು ಬೆರಳಿಟ್ಟು ಓದಿದೆವು. "ವರ್ಷಕ್ಕೆ ಒಬ್ರಾದ್ರೂ ಬತ್ತಾರೆ ಕಣ್ರಪ್ಪ, ನಮ್ಮಪ್ಪನ ಫೋಟೋ ಐತಾ ಅಂತ" ಅಂದರು ಅಜ್ಜಿ. ಮೊಬೈಲ್ ಇಲ್ಲದ ಕಾಲದಲ್ಲಿ ಎಷ್ಟೋ ಜನ ಜೀವಮಾನದಲ್ಲಿ ತೆಗೆಸಿಕೊಂಡದ್ದು ಒಂದೋ ಎರಡೋ ಫೋಟೋ. ಅವು ಈ ಟ್ರಂಕಿನಲ್ಲಿದ್ದವು. ಕ್ಯಾಮೆರಾ ಕೊಳ್ಳೋಕೆ ಬಂದವರು ಟ್ರಂಕಿನ ಬಗ್ಗೆ ಕೇಳಿಯೇ ಇರಲಿಲ್ಲ.

ನಾವು ಅವರಿಗೆ ಕೊಟ್ಟದ್ದು ಒಂದು ಪುಟದ ರಿಪೋರ್ಟ್. ಅಳತೆ, ಲೆನ್ಸ್, ಹೆಸರು, ಸ್ಥಿತಿ, ಫೋಟೋ. ಕೊನೆಗೆ ಎರಡು ಸಾಲು: ಕ್ಯಾಮೆರಾ, ರಿಜಿಸ್ಟರು, ನೆಗೆಟಿವ್ ಮೂರೂ ಒಟ್ಟಿಗಿದ್ದರೆ ಮಾತ್ರ ಇದು ಒಂದು ಸ್ಟುಡಿಯೋದ ಚರಿತ್ರೆ, ಬಿಡಿಬಿಡಿಯಾಗಿ ಮಾರಿದರೆ ಒಂದಕ್ಕೊಂದು ಸಾಕ್ಷಿ ಹೇಳೋರಿಲ್ಲ. ಮಾರಬೇಡಿ ಅಂತ ನಾವು ಬರೆಯಲಿಲ್ಲ. ಸೋರೋ ಸೂರಿನ ಕೆಳಗೆ ಮಲಗೋರು ಅವರು, ಆ ಮಾತು ಹೇಳೋ ಹಕ್ಕು ನಮಗಿಲ್ಲ.

ಗೆಳೆಯನ ತಂದೆ ಆ ಕಾಗದ ತೋರಿಸಿ, "ತೂತು ಹೊಡಿಯಂಗಿಲ್ಲ" ಅಂದರಂತೆ. ಕೊಳ್ಳೋಕೆ ಬಂದವರು ಮತ್ತೆ ಫೋನ್ ಮಾಡಲಿಲ್ಲ. ಹೆಂಚಿಗೆ ಅಮ್ಮ ಸ್ತ್ರೀಶಕ್ತಿ ಸಂಘದಲ್ಲಿ ಸಾಲ ತೆಗೆದರು. ಆ ಕಂತು ಇನ್ನೂ ನಡೀತಿದೆ. ಮುಂದೆ ಒಳ್ಳೇ ಗಿರಾಕಿ ಸಿಕ್ಕರೆ ಕ್ಯಾಮೆರಾ ಕೊಟ್ಟರೂ ಕೊಡಬಹುದು. ಅಷ್ಟರೊಳಗೆ ನೆಗೆಟಿವ್‌ಗಳ ಕಾಪಿ ಆಗಬೇಕು. ಟ್ಯಾಬಿನ ಬಿಳಿ ಸ್ಕ್ರೀನ್ ಮೇಲೆ, ಗಾಜಿಗೆ ತಾಗದ ಹಾಗೆ ಸ್ವಲ್ಪ ಎತ್ತರದಲ್ಲಿ ಪ್ಲೇಟ್ ಇಟ್ಟು, ಮೇಲಿಂದ ಫೋಟೋ ತೆಗೆದು, ಕಂಪ್ಯೂಟರಿನಲ್ಲಿ ಕಪ್ಪು-ಬಿಳುಪು ಅದಲುಬದಲು ಮಾಡ್ತಿದ್ದೇವೆ. ಇಲ್ಲೀತನಕ 140 ಪ್ಲೇಟ್ ಮುಗಿದಿವೆ, ಅರ್ಧ ಟ್ರಂಕ್ ಬಾಕಿ ಇದೆ. ಒಳ್ಳೇ ಕ್ಯಾಮೆರಾ ಇರೋರು, ಕನ್ನಡ ಅಂಕಿ ಸರಾಗ ಓದೋರು ಯಾರಾದ್ರೂ ಇದ್ದರೆ ಸಂಘದ ರೂಮಿಗೆ ಬನ್ನಿ, ಮುಂದಿನ ಶನಿವಾರ ಮತ್ತೆ ಹೋಗ್ತಿದ್ದೇವೆ.