ನಾನು ಕಟ್ಟಿದ ಗಾಳದ ನೊಣ

ಗಾಳಕ್ಕೆ ಎರೆಹುಳ ಚುಚ್ಚಿ ಮೀನು ಹಿಡಿಯುವುದು ನಮ್ಮೆಲ್ಲರಿಗೂ ಗೊತ್ತು. ಆದರೆ ಹುಳವೇ ಇಲ್ಲದೆ, ಬರೀ ದಾರ, ಉಲ್ಲನ್, ಕೋಳಿಪುಕ್ಕ ಸುತ್ತಿ ಮೀನಿಗೆ ಮೋಸ ಮಾಡಬಹುದು ಅಂದರೆ ನೀವು ನಗುತ್ತೀರಿ. ಮೊದಲು ನಾನೂ ನಕ್ಕಿದ್ದೆ. ಹಾಗೆ ಕಟ್ಟಿದ ಗಾಳಕ್ಕೆ ಇಂಗ್ಲಿಷಿನಲ್ಲಿ ಫ್ಲೈ ಅನ್ನುತ್ತಾರೆ, ಅಂದರೆ ನೊಣ. ಅದನ್ನು ಕಟ್ಟಲು ನಾನು ಕಲಿತದ್ದನ್ನೂ, ಅದರಿಂದ ನಮ್ಮ ಮನೆಯಲ್ಲಿ ಆದದ್ದನ್ನೂ ಇಲ್ಲಿ ಬರೆದಿದ್ದೇನೆ.

ನಮ್ಮ ಸೋದರಮಾವ ಕೊಡಗಿನ ವಾಲ್ನೂರಿನ ಕಡೆ ಕಾವೇರಿ ಹೊಳೆಗೆ ಮೀನು ಹಿಡಿಯಲು ಬರುವವರ ಜೊತೆ ಸಹಾಯಕ್ಕೆ ಹೋಗುತ್ತಾರೆ. ಅಲ್ಲಿ ಬಿಳಿಮೀನು ಸಿಕ್ಕಿದರೆ ತಿನ್ನುವಂತಿಲ್ಲ, ಮತ್ತೆ ಹೊಳೆಗೇ ಬಿಡಬೇಕು. ಹೋದ ದಸರಾ ರಜೆಗೆ ಮಾವ ಬಂದಾಗ ಒಂದು ತುಕ್ಕು ಹಿಡಿದ ನೊಣ ತಂದುಕೊಟ್ಟರು. ಯಾರೋ ಬಿಸಾಕಿ ಹೋಗಿದ್ದಂತೆ. ಒಳಗೆ ಏನೋ ದೊಡ್ಡ ಗುಟ್ಟಿರಬೇಕು ಅಂತ ಸೂಜಿ ತಗೊಂಡು ಮೆಲ್ಲಗೆ ಬಿಚ್ಚಿದೆ. ಮೇಲೆ ಕಂದು ಉಲ್ಲನ್, ಕೆಳಗೆ ಸಣ್ಣ ತಾಮ್ರದ ತಂತಿ. ಅಷ್ಟೇ!

ಅದನ್ನು ನಮ್ಮ ವಿಜ್ಞಾನ ಮೇಷ್ಟ್ರಿಗೆ ತೋರಿಸಿದೆ. ಅವರು ಹುಡುಕಿ ಓದಿ ಎರಡು ದಿನ ಬಿಟ್ಟು ಹೇಳಿದರು. ಇಂಗ್ಲೆಂಡಿನಲ್ಲಿ ಫ್ರಾಂಕ್ ಸಾಯರ್ ಅಂತ ಒಬ್ಬರು ಹೊಳೆ ಕಾಯುವ ಕೆಲಸದಲ್ಲಿದ್ದರು. ಹರಿದ ಕಾಲುಚೀಲ ರಿಪೇರಿ ಮಾಡುವ ಉಲ್ಲನ್ ನೂಲನ್ನು ತಾಮ್ರದ ತಂತಿಯ ಜೊತೆ ಗಾಳಕ್ಕೆ ಸುತ್ತಿ ಅವರು ಮೀನು ಹಿಡಿಯುತ್ತಿದ್ದರು. 1958ರಲ್ಲಿ ಪುಸ್ತಕವನ್ನೂ ಬರೆದರು. ಅವರು ಬಳಸುತ್ತಿದ್ದ ಆ ನೂಲಿನ ತಯಾರಿಕೆ ನಿಂತ ಮೇಲೆ, ಉಳಿದ ಹಳೇ ನೂಲಿಗೆ ಜನ ದುಬಾರಿ ದುಡ್ಡು ಕೊಟ್ಟು ಹುಡುಕಿದರಂತೆ. ಅದಕ್ಕೂ ಹಿಂದೆ, ಸುಮಾರು 1800 ವರ್ಷದ ಕೆಳಗೆ, ಈಲಿಯನ್ ಎಂಬ ರೋಮಿನ ಲೇಖಕ ಮ್ಯಾಸಿಡೋನಿಯಾದ ಬೆಸ್ತರ ವಿಷಯ ಬರೆದಿದ್ದಾನೆ. ಅವರು ಗಾಳಕ್ಕೆ ಕೆಂಪು ಉಣ್ಣೆ ಸುತ್ತಿ, ಹುಂಜದ ಎರಡು ಗರಿ ಕಟ್ಟುತ್ತಿದ್ದರಂತೆ. "ನೋಡಪ್ಪಾ, ಉಣ್ಣೆ, ಗರಿ. ಎರಡೂ ಬಡವರ ಮನೆಯವೇ" ಅಂದರು ಮೇಷ್ಟ್ರು.

ಆ ಮಾತು ಕೇಳಿ ನನಗೆ ಧೈರ್ಯ ಬಂತು. ನಾನು ಹೊಂದಿಸಿದ ಸಾಮಾನು ಇವು. ಫ್ಯಾನ್ಸಿ ಸ್ಟೋರಿನಿಂದ 20 ರೂಪಾಯಿಯ ಕಂದು ಉಲ್ಲನ್ ಉಂಡೆ, 10 ರೂಪಾಯಿಯ ಬಣ್ಣವಿಲ್ಲದ ನೇಲ್ ಪಾಲಿಷ್. ಟೈಲರ್ ಅಂಗಡಿಯಿಂದ ರೀಲಿನ ಬುಡದಲ್ಲಿ ಉಳಿದ ಪಾಲಿಯೆಸ್ಟರ್ ದಾರ. ಹತ್ತಿ ದಾರ ಬೇಡ, ನೆನೆದು ನೆನೆದು ಕೊಳೆತು ಕಿತ್ತುಹೋಗುತ್ತದೆ. ಪಂಪ್‌ಸೆಟ್ ಮೋಟಾರು ಕಟ್ಟುವ ಅಣ್ಣನ ಹತ್ತಿರ ಒಂದು ಮಾರು ತಾಮ್ರದ ತಂತಿ. ಅಜ್ಜಿಯ ಹುಂಜ ಉದುರಿಸಿದ ಗರಿ. ಗರಿಯನ್ನು ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿ, ನುಸಿಗುಳಿಗೆ ಹಾಕಿದ ಡಬ್ಬಿಯಲ್ಲಿ ಇಡಬೇಕು, ಇಲ್ಲದಿದ್ದರೆ ಹುಳ ತಿನ್ನುತ್ತದೆ. ಹುಂಜದ ಕತ್ತಿನ ಗರಿ ಬಿರುಸು, ನೀರಿನ ಮೇಲೆ ನಿಲ್ಲುವ ನೊಣಕ್ಕೆ ಒಳ್ಳೇದು. ಹೇಂಟೆಯ ಗರಿ ಮೆತ್ತಗೆ, ನೀರೊಳಗೆ ಕಾಲು ಆಡಿಸಿದ ಹಾಗೆ ಕಾಣುತ್ತದೆ.

ಗಾಳ ಹಿಡಿದುಕೊಳ್ಳಲು ದೊಡ್ಡವರ ಬಳಿ ಬೇರೆ ಯಂತ್ರವಿರುತ್ತದೆ. ನಾನು ಇಕ್ಕಳದ ಬಾಯಿಗೆ ಗಾಳ ಕೊಟ್ಟು, ಹಿಡಿಗೆ ಬಿಗಿಯಾಗಿ ರಬ್ಬರ್ ಬ್ಯಾಂಡ್ ಸುತ್ತಿ, ಎರಡು ಇಟ್ಟಿಗೆಯ ನಡುವೆ ನಿಲ್ಲಿಸಿದೆ. ಕೈ ಬಿಟ್ಟಾಗ ದಾರ ಸಡಿಲವಾಗದಂತೆ ಅದರ ತುದಿಗೆ ಬಟ್ಟೆ ಒಣಹಾಕುವ ಕ್ಲಿಪ್ಪು ತೂಗುಬಿಟ್ಟೆ. ಮೊದಲು ಗಾಳದ ಬೆನ್ನಿನ ಉದ್ದಕ್ಕೂ ದಾರ ಸುತ್ತಬೇಕು. ಅದರ ಮೇಲೆ ಮುಳುಗಲು ಬೇಕಾದಷ್ಟು ತಂತಿ, ತಂತಿಯ ಮೇಲೆ ಉಲ್ಲನ್. ಕೊನೆಗೆ ಮುಂದುಗಡೆ ಗರಿ ಎರಡು ಸುತ್ತು. ಗಂಟು ಹಾಕಿ ಒಂದು ತೊಟ್ಟು ನೇಲ್ ಪಾಲಿಷ್. ಮೊದಲ ಮೂರರಲ್ಲಿ ಗಾಳದ ಕಣ್ಣಿನ ತನಕ ಸುತ್ತಿಬಿಟ್ಟೆ. ಆಮೇಲೆ ನೈಲಾನ್ ದಾರ ತೂರಿಸಲು ಜಾಗವೇ ಇರಲಿಲ್ಲ!

ಇಲ್ಲಿಂದ ನನ್ನ ತಪ್ಪು ಶುರುವಾಗುತ್ತದೆ. ಮೇಷ್ಟ್ರು ಹೇಳಿದ ಕೆಂಪು ಉಣ್ಣೆ ನನ್ನ ತಲೆಯಲ್ಲಿ ಕೂತಿತ್ತು. ನನ್ನ ಹತ್ತಿರ ಇದ್ದದ್ದು ಕಂದು, ಕೈಯಲ್ಲಿ ಕಾಸು ಉಳಿದಿರಲಿಲ್ಲ. ನಮ್ಮವ್ವ ಮನೆಯಲ್ಲಿ ಸೀರೆಗೆ ಕುಚ್ಚು ಕಟ್ಟುತ್ತಾರೆ. ಗೂಟಕ್ಕೆ ನೇತುಹಾಕಿದ ಚೀಲದಲ್ಲಿ ಕೆಂಪು ರೇಷ್ಮೆ ದಾರದ ರೀಲು ಇತ್ತು. ಒಂದು ನೊಣಕ್ಕೆ ಒಂದು ಮೊಳ ಸಾಕು ಅಂತ ತೆಗೆದೆ. ರೇಷ್ಮೆ ಜಾರುತ್ತದೆ, ಗಂಟು ನಿಲ್ಲಲಿಲ್ಲ. ಬಿಚ್ಚಿದೆ, ಮತ್ತೆ ತೆಗೆದೆ. ಹತ್ತು ನೊಣ ಹಾಳಾಗಿ ಒಂದು ನಿಂತಿತು. ಅಷ್ಟೊತ್ತಿಗೆ ರೀಲು ತೆಳ್ಳಗಾಗಿತ್ತು.

ಅದು ಮದುವೆ ಸೀರೆಯ ದಾರ. ರಾತ್ರಿ ಅವ್ವ ಕುಚ್ಚು ಕಟ್ಟುತ್ತಾ ಕಟ್ಟುತ್ತಾ ಸೆರಗಿನ ಕೊನೆಗೆ ಬಂದಾಗ ಎಂಟು ಕುಚ್ಚಿಗೆ ದಾರ ಸಾಲಲಿಲ್ಲ. ಎಲ್ಲರನ್ನೂ ಕೇಳಿದರು. ನನ್ನನ್ನೂ ಕೇಳಿದರು. "ನಂಗೊತ್ತಿಲ್ಲ" ಅಂದೆ. ಅವ್ವ ಬೆರಳು ಮಡಿಸಿ ಲೆಕ್ಕ ಹಾಕಿ, "ನಾನೇ ಲೆಕ್ಕ ತಪ್ಪಿದೆನೇನೋ" ಅಂದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ಸೀರೆಯ ತುಂಡು ಬಣ್ಣಕ್ಕೆ ಹೊಂದಿಸಲು ಅವ್ವ ಪೇಟೆಗೆ ಹೋದರು. 2023ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ, ನಿಜ. ಆದರೆ ಮೂರು ಅಂಗಡಿ ಸುತ್ತಿ ಅದೇ ಕೆಂಪು ಹುಡುಕಿ ಬರುವ ಹೊತ್ತಿಗೆ ಒಂದು ದಿನದ ಕೆಲಸ ಹೋಗಿತ್ತು.

ಭಾನುವಾರ ನೊಣ ತಗೊಂಡು ನಾಲೆ ಪಕ್ಕದ ಹಳ್ಳಕ್ಕೆ ಹೋದೆ. ಕೆರೆ ಟೆಂಡರ್ ಆಗಿರುವುದರಿಂದ ಅಲ್ಲಿ ಗಾಳ ಹಾಕುವಂತಿಲ್ಲ. ನನ್ನದು ಬಿದಿರಿನ ಕೋಲು, ತುದಿಗೆ ನೈಲಾನ್ ದಾರ. ಜಪಾನಿನ ಬೆಟ್ಟದ ಹೊಳೆಗಳಲ್ಲೂ ಹೀಗೇ ರೀಲಿಲ್ಲದ ಕೋಲಿನಲ್ಲಿ ನೊಣ ಹಾಕುವ ಹಳೇ ಪದ್ಧತಿ ಇದೆ, ಅದಕ್ಕೆ ತೆಂಕರ ಅನ್ನುತ್ತಾರೆ ಅಂತ ಮೇಷ್ಟ್ರು ಹೇಳಿದ್ದರು. ಎರೆಹುಳವಾದರೆ ಮೀನು ನುಂಗಿಕೊಂಡು ಹೋಗುತ್ತದೆ. ನೊಣಕ್ಕೆ ರುಚಿಯಿಲ್ಲವಲ್ಲ, ಬಾಯಿಗೆ ಹಾಕಿದ ತಕ್ಷಣ ಉಗುಳಿಬಿಡುತ್ತದೆ. ಆದ್ದರಿಂದ ದಾರ ಒಂದು ಚೂರು ನಿಂತರೂ ಕೋಲು ಎತ್ತಬೇಕು. ಬಹಳ ಹೊತ್ತು ಏನೂ ಇಲ್ಲ. ಬಿಸಿಲು ಇಳಿಯುವಾಗ ಅಂಗೈ ಅಗಲದ ಎರಡು ಜಿಲೇಬಿ ಮೀನು ಸಿಕ್ಕಿದವು. ಎರಡನೆಯದರ ತುಟಿಯಿಂದ ಗಾಳ ಬಿಡಿಸಲಾಗದೆ ದಾರ ಕತ್ತರಿಸಿ ಹಾಗೇ ತಂದೆ. ಖುಷಿಯಲ್ಲಿ ಎಲ್ಲಾ ಮರೆತಿದ್ದೆ.

ಅವ್ವ ಮೀನು ಉಜ್ಜಲು ಕೂತರು. ಮೀನಿನ ಬಾಯಿ ನೋಡಿ ಕೈ ನಿಲ್ಲಿಸಿದರು. ಕೆಂಪು ನೊಣವನ್ನು ಬಿಡಿಸಿ, ನೀರಲ್ಲಿ ತೊಳೆದು, ಬೆಳಕಿಗೆ ಹಿಡಿದರು.

"ಇದು ಆ ಸೀರೆ ದಾರ ಕಣ್ಲಾ."

ನಾನು ತಲೆ ತಗ್ಗಿಸಿದೆ. ಹೊಡೆಯುತ್ತಾರೆ ಅಂತ ಕಾದೆ. ಹೊಡೆಯಲಿಲ್ಲ. "ಕೇಳಿದ್ರೆ ಕೊಡ್ತಿರ್ಲಿಲ್ವಾ? ನಂಗೆ ಲೆಕ್ಕ ತಪ್ಪೋಯ್ತು ಅಂತ ಎರಡು ದಿನ ನನ್ನನ್ನೇ ಬೈಕೊಂಡೆ" ಅಂದರು. ಹೊಡೆದಿದ್ದರೆ ವಾಸಿಯಾಗಿತ್ತು.

ಆ ವಾರ ಪೂರ್ತಿ ಸಾಯಂಕಾಲ ಅವ್ವನ ಪಕ್ಕ ಕೂತು ಎಳೆ ಎಣಿಸಿ ಕೊಟ್ಟೆ. ಆಗ ಒಂದು ವಿಷಯ ಕಂಡೆ. ಕುಚ್ಚಿನ ಕುತ್ತಿಗೆಗೆ ಜರಿ ಸುತ್ತುವಾಗ ಅವ್ವ ಮೊದಲೇ ಒಂದು ದಾರವನ್ನು ಮಡಿಸಿ ಕುಣಿಕೆಯಂತೆ ಇಡುತ್ತಾರೆ. ಅದರ ಮೇಲೆ ಐದಾರು ಸುತ್ತು ಸುತ್ತಿ, ತುದಿಯನ್ನು ಕುಣಿಕೆಗೆ ತೂರಿಸಿ ಎಳೆಯುತ್ತಾರೆ. ತುದಿ ಸುತ್ತಿನ ಕೆಳಗೆ ಹೋಗಿ ಕೂರುತ್ತದೆ, ಗಂಟೇ ಕಾಣುವುದಿಲ್ಲ. "ನಿನ್ನ ನೊಣಕ್ಕೂ ಹಿಂಗೇ ಮಾಡು, ಬಿಚ್ಚಲ್ಲ" ಅಂದರು. ಮಾಡಿದೆ. ನಿಜವಾಗಿಯೂ ಬಿಚ್ಚಲಿಲ್ಲ. ಹತ್ತು ನೊಣ ಹಾಳು ಮಾಡಿ ನಾನು ಹುಡುಕುತ್ತಿದ್ದ ಗಂಟು ನಮ್ಮನೆಯಲ್ಲೇ ಇತ್ತು.

ಈಗ ನನಗೆ ಕೆಂಪು, ಹಸಿರು, ಹಳದಿ ಎಲ್ಲಾ ಬಣ್ಣ ಸಿಗುತ್ತವೆ. ಕುಚ್ಚಿನ ತುದಿ ಸಮ ಮಾಡಲು ಕತ್ತರಿಸಿದಾಗ ಒಂದು ಅಂಗುಲದ ಎಳೆಗಳು ಚಾಪೆಯ ಮೇಲೆ ಬೀಳುತ್ತವೆ. ನೊಣದ ಬಾಲಕ್ಕೆ ಅಷ್ಟು ಸಾಕು. ಅವ್ವನೇ ಗುಡಿಸಿ ಬೆಂಕಿಪೊಟ್ಟಣದಲ್ಲಿ ತುಂಬಿಡುತ್ತಾರೆ.

ಕಲಿಯಬೇಕೆನ್ನುವವರು ಶನಿವಾರ ಮಧ್ಯಾಹ್ನ ನಮ್ಮ ಮನೆಯ ಜಗಲಿಗೆ ಬನ್ನಿ. ಎರಡು ಗರಿ, ಒಂದು ಗಾಳ ತಂದರೆ ಸಾಕು. ದಾರ ಬೇಕಾದರೆ ಮನೆಯಲ್ಲಿ ಕೇಳಿ ತನ್ನಿ.