ಅಕ್ಕಿ ಡಬ್ಬದ ಪತ್ತೇದಾರ

ಪತ್ತೇದಾರಿ ಕಾದಂಬರಿ ಎಂದರೆ ಮೂಗು ಮುರಿಯುವವರ ಸಾಲಿನಲ್ಲಿ ಒಂದು ಕಾಲಕ್ಕೆ ನಾನೂ ಇದ್ದೆ. ಆ ತಪ್ಪನ್ನು ಒಪ್ಪಿಕೊಳ್ಳಲೆಂದೇ ಈ ನಾಲ್ಕು ಮಾತು.

ನಮ್ಮೂರು ರಾಯದುರ್ಗ. 1953ರಲ್ಲಿ ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯಿಂದ ಆದವಾನಿ, ಆಲೂರುಗಳ ಜೊತೆ ನಮ್ಮ ತಾಲೂಕೂ ಅತ್ತ ಹೋಯಿತು. 1956ರಲ್ಲಿ ನಿಮ್ಮ ಕಾಸರಗೋಡಿಗೆ ಆದದ್ದು ನಮಗೆ ಮೂರು ವರ್ಷ ಮೊದಲೇ ಆಗಿತ್ತು. ಕಚೇರಿ ತೆಲುಗಾಯಿತು; ಅಡುಗೆಮನೆ ಕನ್ನಡವಾಗಿಯೇ ಉಳಿಯಿತು.

ಆ ಅಡುಗೆಮನೆಯಲ್ಲಿ ಎನ್. ನರಸಿಂಹಯ್ಯನವರ ಕಾದಂಬರಿಗಳಿದ್ದವು. ತಾವು ನಾಲ್ಕನೇ ತರಗತಿಯವರೆಗಷ್ಟೇ ಓದಿ ಐನೂರಕ್ಕೂ ಹೆಚ್ಚು ಕಾದಂಬರಿ ಬರೆದವರು ಅವರು. ಅವರ ಪುರುಷೋತ್ತಮ, ಅರಿಂಜಯರು ಬಳ್ಳಾರಿಯಿಂದ ರೈಲಿನಲ್ಲಿ ಬಂದು, ಬಸ್ ನಿಲ್ದಾಣದ ಬಾಡಿಗೆ ಪುಸ್ತಕದಂಗಡಿಗೆ ಇಳಿಯುತ್ತಿದ್ದರು. ದಿನಕ್ಕೆ ಐದು ಪೈಸೆ. ರಕ್ಷಾಪುಟದ ಮೇಲೆ ಪಿಸ್ತೂಲು, ಬೆದರಿದ ಹೆಣ್ಣು. ಅಪ್ಪನ ಕಣ್ಣಿಗೆ ಬೀಳದಂತೆ ಅವ್ವ ಅವನ್ನು ಅಕ್ಕಿ ಡಬ್ಬದಲ್ಲಿ ಇಡುತ್ತಿದ್ದಳು. ಮೂರನೇ ತರಗತಿಗೇ ಶಾಲೆ ಬಿಟ್ಟ ಅವಳು ಒತ್ತಕ್ಷರಗಳನ್ನು ಸರಿಯಾಗಿ ಕಲಿತದ್ದು ಕೊಲೆಗಾರರನ್ನು ಹುಡುಕುತ್ತಲೇ.

ಮುಂದೆ ನಾನು ಮಡಕಶಿರಾದಲ್ಲಿ ಕನ್ನಡ ಮೇಷ್ಟ್ರಾದೆ. ಮೇಷ್ಟ್ರ ಮನೆಯಲ್ಲಿ ಇಂಥ ಪುಸ್ತಕವೇ ಎಂದು ನಾಚಿ, ಅವ್ವ ಒಂದೊಂದಾಗಿ ಕೊಂಡು ಕೂಡಿಟ್ಟಿದ್ದ ಒಂದು ಮೂಟೆಯನ್ನು ರದ್ದಿಗೆ ಹಾಕಿದೆ. ಅವ್ವ ಏನೂ ಅನ್ನಲಿಲ್ಲ. ಅಷ್ಟರಲ್ಲಿ ಟಿ.ವಿ. ಬಂದಿತ್ತು. ಬಾಡಿಗೆ ಪುಸ್ತಕದಂಗಡಿ ವಿಡಿಯೋ ಕ್ಯಾಸೆಟ್ ಅಂಗಡಿಯಾಯಿತು. ಕಥೆಯ ರುಚಿ ಹತ್ತಿದ ಹುಡುಗರು ತೆಲುಗಿನ ಕೊಮ್ಮೂರಿ ಸಾಂಬಶಿವರಾವ್ ಅವರ ಯುಗಂಧರನ ಕಡೆ ಹೋದರು. ನನ್ನ ತರಗತಿಯ ಮಕ್ಕಳು ಪಾಠವನ್ನು ಗಿಳಿಯಂತೆ ಒಪ್ಪಿಸುತ್ತಿದ್ದರು. ಪಾಠದಾಚೆ ಒಂದು ಪುಟ ಓದುತ್ತಿರಲಿಲ್ಲ. "ಮನೆಯಲ್ಲಿ ಕನ್ನಡ ಪುಸ್ತಕ ಓದಿಸಿ" ಎಂದು ತಂದೆತಾಯಿಯರಿಗೆ ಹೇಳುವಾಗ ಆ ಮೂಟೆ ನೆನಪಾಗುತ್ತಿತ್ತು.

ಕನ್ನಡಕ್ಕೆ ಹಳದಿ-ಕೆಂಪು ಬಾವುಟ ಕೊಟ್ಟ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಕಾರರೇ ಎಂದು ನನಗೆ ಗೊತ್ತಾದದ್ದು ತಡವಾಗಿ. ಡಿಟೆಕ್ಟಿವ್ ಮಾರ್ಕ್ಸಿನ್‌ನನ್ನು ಸೃಷ್ಟಿಸಿದ ಕೋಟ್ಟಯಂ ಪುಷ್ಪನಾಥ್ ಅವರನ್ನು ಓದಿ ಬೆಳೆದ ನಿಮ್ಮ ನೆರೆಯ ಮಲಯಾಳಿಗಳಿಗೆ ನನ್ನ ಮಾತು ಬೇಗ ಅರ್ಥವಾದೀತು.

2011ರ ಡಿಸೆಂಬರಿನಲ್ಲಿ ನರಸಿಂಹಯ್ಯನವರು ತೀರಿಕೊಂಡ ಸುದ್ದಿ ಓದಿ ಹೇಳಿದೆ. ಕಣ್ಣು ಮಂಜಾಗಿದ್ದ ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಂದು ಪುರುಷೋತ್ತಮ ಸಿಕ್ಕೀತೇನಪ್ಪಾ?" ಎಂದಳು. ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೇ ಪುಸ್ತಕದ ರಾಶಿಗಳಲ್ಲಿ ಅರ್ಧ ದಿನ ಹುಡುಕಿ ಒಂದನ್ನು ತಂದೆ. ಮೂರು ರಾತ್ರಿ ಓದಿ ಹೇಳಿದೆ. ಕೊನೆಯ ಪುಟಗಳೇ ಇರಲಿಲ್ಲ.

ತೆಲುಗು ಶಾಲೆಯ ಎಂಟು ವರ್ಷದ ಮೊಮ್ಮಗಳು ಪಕ್ಕದಲ್ಲೇ ಕೂತು ಕೇಳುತ್ತಿದ್ದಳು. "ಕೊಂದವರು ಯಾರು ತಾತ?" ಎಂದು ಹಟ ಹಿಡಿದಳು. "ಮೊದಲಿಂದ ನೋಡೇ, ಎಲ್ಲೋ ಸುಳಿವು ಕೊಟ್ಟಿರ್ತಾರೆ" ಎಂದಳು ಅವ್ವ. ಹುಡುಗಿ ಪುಸ್ತಕ ಕಿತ್ತುಕೊಂಡಳು. ತೆಲುಗಿಗೂ ಕನ್ನಡಕ್ಕೂ ಲಿಪಿಯಲ್ಲಿ ತಲೆಕಟ್ಟಿನಷ್ಟೇ ಅಂತರವಲ್ಲವೇ? ಗೊತ್ತಿದ್ದ ಅಕ್ಷರ ಹಿಡಿದು, ಗೊತ್ತಿಲ್ಲದ್ದನ್ನು ಊಹಿಸಿ, ಮೊದಲ ಸಾಲನ್ನು ಎಡವುತ್ತ ಎಡವುತ್ತ ಓದಿಬಿಟ್ಟಳು.

ಅವ್ವ ಈಗಿಲ್ಲ. ಮಡಕಶಿರಾ ಕೂಡ 2022ರಲ್ಲಿ ಅನಂತಪುರ ಬಿಟ್ಟು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಬೆಂಗಳೂರಿಗೆ ಹೋದಾಗಲೆಲ್ಲ ನಾನು ಇಂದಿಗೂ ಆ ರಾಶಿಗಳ ಮುಂದೆ ಕೂರುತ್ತೇನೆ. ಮೂಟೆ ತುಂಬಲು ಇನ್ನೂ ಬಹಳ ಬೇಕು.