ಹೊಳೆಯುವ ಬೇಸು, ಇಪ್ಪತ್ತೊಂಬತ್ತರ ನಾನು

ನನ್ನ ಹತ್ತಿರ ಒಂದು ಬೇಸ್ ಗಿಟಾರ್ ಇದೆ. ಬಣ್ಣ ಕೆನ್ನೇರಳೆ. ಗಣಪತಿ ಪೆಂಡಾಲಿಗೆ ತಂದ ಚಮಕಿಯನ್ನು ಯಾರೋ ಒಂದು ಡಬ್ಬ ಪೂರ್ತಿ ಸುರಿದು ಮೇಲೆ ಗಾಜು ಹಾಸಿದ ಹಾಗೆ ಅದರ ಮಿನುಗು. ಆಕಾರವಂತೂ ಕೇಳಬೇಡಿ. ಮೇಲಕ್ಕೆ ಎರಡು ಕೊಂಬು, ಕೆಳಕ್ಕೆ ಎರಡು ಕೊಂಬು. ಹೇಗೆ ಕೂತರೂ ಒಂದು ಕೊಂಬು ತೊಡೆಗೆ ಚುಚ್ಚುತ್ತದೆ. 21ನೇ ವಯಸ್ಸಿನಲ್ಲಿ, ಟ್ಯೂಷನ್ ಹೇಳಿ ಕೂಡಿಟ್ಟ 14,000 ರೂಪಾಯಿ ಕೊಟ್ಟು ಬೆಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡದ್ದು. ಆಗ ಅದು ಅತಿಯಾಯಿತು ಅಂತ ಒಂದು ಕ್ಷಣವೂ ಅನ್ನಿಸಿರಲಿಲ್ಲ. ಈಗ ನನಗೆ 29. ಪಿಎಚ್‌ಡಿಯ ಐದನೆಯ ವರ್ಷ. ಮೈಸೂರಿನ ಬಾಡಿಗೆ ರೂಮಿನಲ್ಲಿ, ಜಾನಪದ ಸಂಪುಟಗಳ ಪಕ್ಕ ಅದು ನಿಂತಿರುವುದನ್ನು ನೋಡಿದಾಗ, ಮೌನ ಆಚರಿಸುವವರ ಮನೆಗೆ ತಮಟೆ ಬಾರಿಸುತ್ತಾ ಬಂದ ನೆಂಟನ ಹಾಗೆ ಕಾಣುತ್ತದೆ.

ಬೇಸ್ ಅಂದರೆ ಏನು ಎಂದು ಕೇಳುವವರಿಗೆ ನಾನು ಮದುವೆ ಊಟದ ಉದಾಹರಣೆ ಕೊಡುತ್ತೇನೆ. ಹೋಳಿಗೆ ಬಡಿಸುವವರು ಎಲ್ಲರ ಕಣ್ಣಿಗೂ ಬೀಳುತ್ತಾರೆ. ಅನ್ನದ ಬಗ್ಗೆ ಯಾರೂ ಮಾತಾಡುವುದಿಲ್ಲ. ಅನ್ನ ಖಾಲಿಯಾದಾಗ ಮಾತ್ರ ಗದ್ದಲ. ಬೇಸ್ ಆ ಅನ್ನ. ನಾಲ್ಕೇ ತಂತಿ. ಅತಿ ದಪ್ಪನೆಯದು ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಅದು ಕಿವಿಗಿಂತ ಮುಂಚೆ ಎದೆಗೆ ಬಂದು ಮುಟ್ಟುತ್ತದೆ. ಹಾಡು ಕೇಳಿದವರು ಗಾಯಕಿಯನ್ನು ಹೊಗಳುತ್ತಾರೆ, ಡ್ರಮ್ಮಿಗೆ ತಲೆ ಕುಣಿಸುತ್ತಾರೆ, ಬೇಸಿಗೆ ಕಾಲು ಕುಟ್ಟುತ್ತಾರೆ. ಯಾಕೆ ಕುಟ್ಟುತ್ತಿದ್ದೇವೆ ಅಂತ ಅವರಿಗೆ ಗೊತ್ತಿರುವುದಿಲ್ಲ. (ಹಾಸ್ಟೆಲಿನಲ್ಲಿದ್ದಾಗ ನನ್ನ ರೂಮ್‌ಮೇಟ್ ರಾಯಚೂರಿನವಳು. ಇದರ ಹೆಸರು ಬೇಸ್ ಎಂದಾಗ ಅವಳು ಒಂದು ಸುತ್ತು ನೋಡಿ, 'ಹೌದವ್ವಾ, ಬೇಸ್ ಐತಿ' ಅಂದಿದ್ದಳು. ಈ ವಾದ್ಯಕ್ಕೆ ಸಿಕ್ಕ ಅತ್ಯುತ್ತಮ ವಿಮರ್ಶೆ ಅದೇ.)

ಹೀಗೆ ಯಾರ ಕಣ್ಣಿಗೂ ಬೀಳದಿರುವುದೇ ಕಸುಬಾಗಿರುವ ವಾದ್ಯಕ್ಕೆ ಇಷ್ಟೊಂದು ಒಡವೆ ಯಾಕೆ ಅನ್ನುವುದು ನನಗೆ ಬಹಳ ದಿನ ಕಾಡಿದ ಪ್ರಶ್ನೆ. 1951ರಲ್ಲಿ ಲಿಯೋ ಫೆಂಡರ್ ಪ್ರಿಸಿಷನ್ ಬೇಸನ್ನು ಮಾರುಕಟ್ಟೆಗೆ ತಂದಾಗ ಅದು ತೀರಾ ವ್ಯಾವಹಾರಿಕ ವಸ್ತು. ಅಲ್ಲಿಯವರೆಗೆ ಬೇಸ್ ನುಡಿಸುವವರು ಆಳೆತ್ತರದ ಡಬಲ್ ಬೇಸನ್ನು ಊರೂರಿಗೆ ಹೊತ್ತು ತಿರುಗಬೇಕಿತ್ತು, ಅಷ್ಟು ಹೊತ್ತರೂ ಗದ್ದಲದಲ್ಲಿ ಅದು ಕೇಳಿಸುತ್ತಿರಲಿಲ್ಲ. ಫೆಂಡರ್ ಅದನ್ನು ಹೆಗಲಿಗೆ ನೇತುಹಾಕುವಂತೆ ಮಾಡಿದ, ವಿದ್ಯುತ್ತು ಕೊಟ್ಟ, ವೀಣೆಗಿರುವಂಥ ಮೆಟ್ಟುಗಳನ್ನು ಇಟ್ಟ. ಸ್ವರ ನಿಖರವಾಗಿ ಬರುತ್ತದೆ ಎಂದೇ ಪ್ರಿಸಿಷನ್ ಎನ್ನುವ ಹೆಸರು. 1963ರಲ್ಲಿ ಗಿಬ್ಸನ್ ಕಂಪನಿ ಥಂಡರ್‌ಬರ್ಡ್ ಬೇಸ್ ಮಾಡಿದಾಗ ಅದರ ವಿನ್ಯಾಸಕ್ಕೆ ಕರೆದದ್ದು ಕಾರುಗಳ ವಿನ್ಯಾಸಕಾರ ರೇ ಡೀಟ್ರಿಕ್‌ನನ್ನು. ಮುಂದೆ ಬೂಟ್ಸಿ ಕಾಲಿನ್ಸ್ ನಕ್ಷತ್ರದ ಆಕಾರದ ಬೇಸ್ ಮಾಡಿಸಿಕೊಂಡ, ನಕ್ಷತ್ರದ ಕನ್ನಡಕವನ್ನೂ ಹಾಕಿಕೊಂಡ. ಕಿಸ್ ತಂಡದ ಜೀನ್ ಸಿಮನ್ಸ್ ಕೊಡಲಿಯಂಥ ಬೇಸ್ ಹಿಡಿದು ನಿಂತ. ಜೀವಮಾನವೆಲ್ಲ ಅಡುಗೆಮನೆಯಲ್ಲೇ ಇದ್ದವರು ಒಂದು ದಿನ ಜರಿಪೇಟ ಸುತ್ತಿಕೊಂಡು ನೇರ ಚಪ್ಪರದ ಮಧ್ಯಕ್ಕೆ ನಡೆದುಬಂದ ಹಾಗೆ. ನನಗೆ ಇದು ಆಡಂಬರಕ್ಕಿಂತ ಹೆಚ್ಚಾಗಿ ಬಾಕಿ ವಸೂಲಿ ಅನ್ನಿಸುತ್ತದೆ.

ನನಗೆ ವಯಸ್ಸಾಯಿತು ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಗೌರವದಿಂದ ತಿಳಿಸಿದರು. ಕಳೆದ ವರ್ಷ ಒಂದು ಕಾಲೇಜಿನ ಉತ್ಸವದಲ್ಲಿ ಬ್ಯಾಂಡುಗಳ ಸ್ಪರ್ಧೆಗೆ ನನ್ನನ್ನು ಕರೆದರು. ನುಡಿಸುವುದಕ್ಕೆ ಅಂದುಕೊಂಡೆ. ತೀರ್ಪುಗಾರರಾಗಿ, ಮೇಡಂ, ಎಂದರು. ಬಟ್ಟೆ ಹೊದಿಸಿದ ಕುರ್ಚಿ, ನೀರಿನ ಬಾಟಲಿ, ಕೊನೆಯಲ್ಲಿ ಶಾಲು ಮತ್ತು ಒಂದು ಬುಟ್ಟಿ ಹಣ್ಣು. ಶಾಲು ಹೊದ್ದ ಹೆಗಲಿಗೆ ಗಿಟಾರಿನ ಪಟ್ಟಿ ಏರುವುದು ಕಷ್ಟ ಎಂದು ಬಸ್ಸಿನಲ್ಲಿ ದಾಳಿಂಬೆ ಮಡಿಲಲ್ಲಿಟ್ಟುಕೊಂಡು ಬರುವಾಗ ಅನ್ನಿಸಿತು. ಅದಾಗಿ ಎರಡು ತಿಂಗಳಿಗೆ, ನಾನೇ ಮೂರನೇ ಸ್ಥಾನ ಕೊಟ್ಟಿದ್ದ ತಂಡದ ಹುಡುಗರು ಫೋನ್ ಮಾಡಿದರು. ಅವರ ಬೇಸಿಸ್ಟಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತ್ತು. 'ಅಕ್ಕ, ನೀವು ಬೇಸ್ ಸರಿ ಇಲ್ಲ ಅಂತ ಬರ್ದಿದ್ರಲ್ಲ, ನೀವೇ ಬಂದ್ಬಿಡಿ' ಅಂದರು. ಎಲ್ಲರೂ ಡಿಗ್ರಿ ಕೊನೆಯ ವರ್ಷದವರು. ಗೋಡೆಗೆ ಮೊಟ್ಟೆ ಟ್ರೇ ಅಂಟಿಸಿದ ಒಂದು ಗ್ಯಾರೇಜು ಅವರ ಅಭ್ಯಾಸದ ಜಾಗ. ನುಡಿಸಬೇಕೆಂಬ ಆಸೆಯಲ್ಲಿ ನನಗೆ ಅನುಮಾನವಿರಲಿಲ್ಲ. ಅನುಮಾನವೆಲ್ಲ ಆ ಕೆನ್ನೇರಳೆಯ ಮೇಲೆ. ಮೂರು ಮಂದಿ ಹುಡುಗರ ಮಧ್ಯೆ, ಕಾಟನ್ ಕುರ್ತಾ ತೊಟ್ಟು, ಅಲ್ಲಲ್ಲಿ ಬಿಳಿಗೂದಲು ಇಣುಕುವ ನಾನು ಈ ಕೊಂಬಿನ ಚಮಕಿ ಹಿಡಿದು ನಿಂತರೆ ಹೇಗಿರುತ್ತದೆ? ಕಂದು ಬಣ್ಣದ, ಮರ ಮರದ ಹಾಗೆಯೇ ಕಾಣುವ, ಸಭ್ಯವಾದ ಒಂದು ಬೇಸ್ ಇದ್ದರೆ ಸಾಕಿತ್ತು ಅನ್ನಿಸತೊಡಗಿತು.

ಈ ಯೋಚನೆ ನನ್ನದೇ ಅಲ್ಲ, ಬಳುವಳಿಯಾಗಿ ಬಂದದ್ದು ಎಂದು ಹೊಳೆದಿದ್ದು ಊರಿಗೆ ಹೋದಾಗ. ನಮ್ಮಮ್ಮನ ಟ್ರಂಕಿನಲ್ಲಿ ಒಂದು ಗಿಣಿಹಸಿರು ರೇಷ್ಮೆ ಸೀರೆ ಇದೆ, ಅಂಚು ಕಡುಗೆಂಪು. ಅದು ಮೊದಲು ಅಜ್ಜಿಯದು. ಅಜ್ಜಿ ತನ್ನ ಮೂವತ್ತೈದರ ಆಸುಪಾಸಿನಲ್ಲಿ, ತಾತ ಇನ್ನೂ ಗಟ್ಟಿಮುಟ್ಟಾಗಿದ್ದಾಗಲೇ, 'ಇನ್ನು ನನಗ್ಯಾಕೆ ಇದೆಲ್ಲ' ಎಂದು ಅದನ್ನು ಮಗಳಿಗೆಂದು ಎತ್ತಿಟ್ಟಳಂತೆ. ಅಮ್ಮ ಅದನ್ನು ಉಟ್ಟದ್ದು ನಾಲ್ಕೋ ಐದೋ ಸಲ. ನಾನು ಹೈಸ್ಕೂಲು ಸೇರಿದ ವರ್ಷ ಅವಳೂ ಅದೇ ಮಾತು ಹೇಳಿ ಮಡಿಸಿಟ್ಟಳು: 'ನಿನ್ನ ಮದುವೆಗಾಗ್ತದೆ.' ಅಂದರೆ ಎರಡು ತಲೆಮಾರು ಸೇರಿ ಒಂದು ಸೀರೆಯನ್ನು ಹತ್ತು ಸಲ ಉಟ್ಟಿಲ್ಲ. ಮದುವೆ ಮಾತು ನಾನು ಎತ್ತುವುದಿಲ್ಲ, ಅಮ್ಮ ಬಿಡುವುದಿಲ್ಲ, ಅದು ಬೇರೆ ಕತೆ. ಅವತ್ತು ಅವಳು ನುಸಿಗುಳಿಗೆ ಬದಲಿಸುತ್ತಾ, ನನ್ನ ಪರ್ಪಲ್ ಗಿಟಾರಿನ ಬಗ್ಗೆ 'ಅದನ್ನ ಯಾರಾದ್ರೂ ಚಿಕ್ಕ ಹುಡುಗ್ರಿಗೆ ಕೊಟ್ಟುಬಿಡು, ಪಾಪ ಆಸೆ ಪಡ್ತವೆ' ಅಂದಳು. ಕಟುವಾಗಿ ಹೇಳಲಿಲ್ಲ. ಸೀರೆಗೆ ಹೇಳಿದ್ದ ಧಾಟಿಯಲ್ಲೇ ಹೇಳಿದಳು.

ನನ್ನ ಸಂಶೋಧನೆ ಮಂಟೇಸ್ವಾಮಿ ಮತ್ತು ಮಲೆಮಹದೇಶ್ವರ ಪರಂಪರೆಯ ಹಾಡುಗಾರರ ಮೇಲೆ. ಹೀಗಾಗಿ ಕೊಳ್ಳೇಗಾಲ, ಮಳವಳ್ಳಿ, ಚಾಮರಾಜನಗರದ ಕಡೆ ಓಡಾಟ ಜಾಸ್ತಿ. ಒಮ್ಮೆ ಬೇಸನ್ನೂ ಹೆಗಲಿಗೆ ಹಾಕಿಕೊಂಡು ಹೋಗಬೇಕಾಯಿತು, ವಾಪಸು ಬರುವಾಗ ನೇರ ಅಭ್ಯಾಸಕ್ಕೆ ಹೋಗುವುದಿತ್ತು. ಶಕ್ತಿ ಯೋಜನೆಯ ಶೂನ್ಯ ಟಿಕೆಟ್ ಹರಿದುಕೊಟ್ಟ ಕಂಡಕ್ಟರು ಚೀಲ ನೋಡಿ, 'ನಿಮಗೇನೋ ಫ್ರೀ, ಇವ್ರು ಗಂಡಸೋ ಹೆಂಗಸೋ?' ಎಂದು ಕೇಳಿದ. ಬಸ್ಸು ನಕ್ಕಿತು. ನಾನೂ ನಕ್ಕೆ.

ಆ ದಿನ ಭೇಟಿಯಾದ ದೇವರಗುಡ್ಡರ ಹಿರಿಯರೊಬ್ಬರಿಗೆ ಎಪ್ಪತ್ತು ದಾಟಿತ್ತು. ಎಡಗೈಯಲ್ಲಿ ಬಟ್ಟಲಿನಂಥ ಕಂಚಿನ ತಾಳ, ಬಲಗೈಯ ಹುರಿಗೆ ಕಟ್ಟಿದ ಇನ್ನೊಂದು. ಕೊರಳ ತುಂಬ ರುದ್ರಾಕ್ಷಿ, ಹಣೆ ತುಂಬ ವಿಭೂತಿ, ಮೈಮೇಲೆ ಬಣ್ಣದ ಬಟ್ಟೆ. ಮೊಮ್ಮಕ್ಕಳ ವಯಸ್ಸಿನವರ ಸಾಲಿನಲ್ಲಿ ನಿಂತು ಬೀಸು ಕಂಸಾಳೆ ಹಾಕಿದರು. ತಾಳ ಬೆನ್ನ ಹಿಂದಿನಿಂದ ಸುತ್ತಿ ಬಂದು ಬಟ್ಟಲಿಗೆ ಬಡಿಯುವ ಸದ್ದು ಒಂದು ಸಲವೂ ಹಿಂದೆ ಬೀಳಲಿಲ್ಲ. 'ಈ ವಯಸ್ಸಲ್ಲಿ ಇಷ್ಟು ಅಲಂಕಾರ ಬೇಕಾ' ಅಂತ ಅಲ್ಲಿದ್ದ ಯಾರ ಮುಖದಲ್ಲೂ ಕಾಣಲಿಲ್ಲ. ಆಮೇಲೆ ಕಾಫಿ ಕುಡಿಯುವಾಗ ನನ್ನ ಚೀಲ ತೆರೆಸಿ ನೋಡಿದರು. 'ಇದೇನವ್ವ ಹೆಸ್ರು?' 'ಬೇಸು, ತಾತ.' 'ಬೀಸೋದಾ?' 'ಬೀಸೋದಲ್ಲ, ಮೀಟೋದು.' ದಪ್ಪ ತಂತಿಯನ್ನು ಹೆಬ್ಬೆಟ್ಟಿನಿಂದ ಮೀಟಿ, ಕಿವಿ ಹತ್ತಿರ ಇಟ್ಟು, 'ಏಕನಾದದ ಥರ ಅದೆ' ಎಂದರು. ಚಮಕಿಯ ಬಗ್ಗೆ ಅವರದು ಒಂದೇ ಪ್ರಶ್ನೆ: ತೊಳೆದರೆ ಹೋಗುತ್ತದಾ?

ಇಲ್ಲಿಗೆ ನನ್ನ ಪ್ರಬಂಧ ಸುಖಾಂತ್ಯವಾಗಬಹುದಿತ್ತು. ನಮ್ಮ ವಿಭಾಗದ ಸೆಮಿನಾರಿನಲ್ಲಾದರೆ 'ದೇಸಿ ಪರಂಪರೆಯಲ್ಲಿ ವಯಸ್ಸು ಅಡ್ಡಿಯಲ್ಲ' ಎಂದು ಬರೆದು ಚಪ್ಪಾಳೆಯನ್ನೂ ಗಿಟ್ಟಿಸಬಹುದು. ಆದರೆ ಅವರ ವೇಷ ಅವರದಲ್ಲ, ಮಾದಪ್ಪನದು. ದೀಕ್ಷೆ ಪಡೆದು ತೊಟ್ಟದ್ದು. ಅದಕ್ಕೆ ವಯಸ್ಸು ಅಂಟುವುದಿಲ್ಲ, ಏಕೆಂದರೆ ಅದು ತೊಟ್ಟವರ ಬಯಕೆಯ ಲೆಕ್ಕಕ್ಕೆ ಬರುವುದೇ ಇಲ್ಲ. ನನ್ನ ಚಮಕಿ ಹಾಗಲ್ಲ. ಯಾವ ದೇವರೂ ಕೊಡಲಿಲ್ಲ, ನಾನೇ ಚೌಕಾಸಿ ಮಾಡಿ ಕೊಂಡದ್ದು. ನೋಡಿ ನನ್ನನ್ನು, ಎನ್ನುವುದರ ಹೊರತು ಅದಕ್ಕೆ ಬೇರೆ ಅರ್ಥವಿಲ್ಲ. ಹೆಂಗಸೊಬ್ಬಳು ಯಾವ ವಯಸ್ಸಿನವರೆಗೆ ಹಾಗೆ ಹೇಳಬಹುದು ಎಂಬುದಕ್ಕೆ ಕಂಸಾಳೆ ತಾತನ ಬಳಿ ಉತ್ತರ ಹುಡುಕುವುದು ನ್ಯಾಯವಲ್ಲ.

ಹಾಗಾಗಿ ಬೇಸ್ ನುಡಿಸುವ ಹೆಂಗಸರತ್ತಲೇ ಹೋದೆ. ಕ್ಯಾರಲ್ ಕೇ ಎಂಬವರಿದ್ದಾರೆ, 1935ರಲ್ಲಿ ಹುಟ್ಟಿದವರು. ಲಾಸ್ ಏಂಜಲಿಸ್‌ನ ಸ್ಟುಡಿಯೋಗಳಲ್ಲಿ ಗಿಟಾರ್ ನುಡಿಸಿ ಮಕ್ಕಳನ್ನು ಸಾಕುತ್ತಿದ್ದರು. 1963ರಲ್ಲಿ ಒಂದು ರೆಕಾರ್ಡಿಂಗಿಗೆ ಬೇಸ್ ನುಡಿಸುವವನು ಬರಲೇ ಇಲ್ಲ. ಇವರ ಕೈಗೆ ಬೇಸ್ ಕೊಟ್ಟರು. ಆಗ ಅವರಿಗೆ 28. ಅಲ್ಲಿಂದ ಮುಂದೆ ಅಮೆರಿಕದ ಪಾಪ್ ಸಂಗೀತದ ಅಡಿಪಾಯಕ್ಕೆ ಅವರು ಹಾಕಿದ ಕಲ್ಲುಗಳಿಗೆ ಲೆಕ್ಕವಿಲ್ಲ. ಇದನ್ನು ಓದಿ ಒಂದು ವಾರ ಖುಷಿಯಾಗಿದ್ದೆ. ಆಮೇಲೆ ಅವರ ಹಳೆಯ ಫೋಟೋಗಳನ್ನು ಸರಿಯಾಗಿ ನೋಡಿದೆ. ಕೈಯಲ್ಲಿರುವುದು ಸಾದಾ ಫೆಂಡರ್. ಕನ್ನಡಕ, ಓರಣವಾದ ಕೂದಲು. ಬ್ಯಾಂಕಿನ ಕೆಲಸದಿಂದ ನೇರ ಬಂದವರಂತೆ ಕಾಣುತ್ತಾರೆ. ಮೋಟೌನ್ ಸಂಸ್ಥೆಯ ಹಾಡುಗಳಿಗೆ ಬೇಸ್ ನುಡಿಸಿದ ಮಹಾನುಭಾವ ಜೇಮ್ಸ್ ಜೇಮರ್ಸನ್ ಕೂಡ ಹಾಗೆಯೇ, 1962ರ ಒಂದು ಪ್ರಿಸಿಷನ್ ಬೇಸು, ಮೀಟಲು ಒಂದೇ ತೋರುಬೆರಳು. ಹತ್ತು ವರ್ಷಕ್ಕೂ ಹೆಚ್ಚು ಕಾಲ ಅವರ ಹೆಸರೇ ಆ ರೆಕಾರ್ಡುಗಳ ಮೇಲೆ ಇರಲಿಲ್ಲ. 1971ರಲ್ಲಿ ಮಾರ್ವಿನ್ ಗೇ ಆಲ್ಬಮ್ಮಿನ ಮೇಲೆ ಅಚ್ಚಾದಾಗ ಅವರ ವಯಸ್ಸು 35. ಮೇಧಾವಿಗಳಿಗೆ ಚಮಕಿ ಬೇಕಿಲ್ಲ ಎಂದು ಇದರಿಂದ ತೀರ್ಮಾನಿಸಬಹುದು. ನನಗೆ ಅನ್ನಿಸಿದ್ದು, ಒಂದಿಷ್ಟು ಚಮಕಿ ಇದ್ದಿದ್ದರೆ ಆ ಹೆಸರು ಇನ್ನೂ ಬೇಗ ಅಚ್ಚಾಗುತ್ತಿತ್ತೇನೋ ಅಂತ.

ಇದೆಲ್ಲ ತತ್ತ್ವದ ಮಾತಾಯಿತು. ಡಿಸೆಂಬರಿನಲ್ಲಿ ದುಡ್ಡಿನ ಮಾತು ಬಂತು. ನನ್ನ ಫೆಲೋಶಿಪ್ ಅವಧಿ ಮುಗಿದಿದೆ. ಅತಿಥಿ ಉಪನ್ಯಾಸಕಿಯಾಗಿ ಪಾಠ ಮಾಡುವ ಕಡೆ ಮೂರು ತಿಂಗಳ ಸಂಬಳ ಬಾಕಿ. ಪ್ರಬಂಧ ಸಲ್ಲಿಸುವುದೆಂದರೆ ಶುಲ್ಕ, ಡಿಟಿಪಿ, ಮುದ್ರಣ, ಬೈಂಡಿಂಗ್. ಒಂದು ಸಂಜೆ ಬೇಸಿನ ನಾಲ್ಕು ಫೋಟೋ ತೆಗೆದು, 12,000 ರೂಪಾಯಿ ಎಂದು ಆನ್‌ಲೈನಿನಲ್ಲಿ ಜಾಹೀರಾತು ಹಾಕಿದೆ. ಅಮ್ಮ ಹೇಳಿದಂತೆ ಚಿಕ್ಕ ಹುಡುಗರಿಗೆ ಹೋಗಲಿ, ಬರುವ ದುಡ್ಡಿನಲ್ಲಿ ಥೀಸಿಸ್ ಹೊರಬೀಳಲಿ, ನಾನು ಕಂದು ಬಣ್ಣದ್ದೊಂದನ್ನು ಯಾರ ಹತ್ತಿರವಾದರೂ ಎರವಲು ತಂದು ನುಡಿಸುವುದು ಎಂದು ಲೆಕ್ಕ.

ಭಾನುವಾರ ಬೆಳಿಗ್ಗೆ ಒಬ್ಬ ಹುಡುಗ ಅಪ್ಪನ ಸ್ಕೂಟರಿನಲ್ಲಿ ಬಂದ. ಹದಿನೆಂಟಿರಬೇಕು. ಕೂತ, ಕೊಂಬು ಚುಚ್ಚಿತು, ಸರಿದು ಕೂತ. ಹೆಬ್ಬೆರಳಿನಿಂದ ತಂತಿಗೆ ಬಡಿಯುತ್ತಾ ನನ್ನ ಕೈಗೆ ಎಟುಕದ ವೇಗದಲ್ಲಿ ಏನೋ ನುಡಿಸಿದ. ಚೆನ್ನಾಗಿ ನುಡಿಸುತ್ತಿದ್ದ. ಆಮೇಲೆ ಬೇಸನ್ನು ತಿರುಗಿಸಿ ತಿರುಗಿಸಿ ನೋಡಿ, ಸಂಕೋಚದಿಂದ, 'ಅಕ್ಕ, ಫೋಟೋದಲ್ಲಿ ಇಷ್ಟು ಶೈನಿಂಗ್ ಅಂತ ಗೊತ್ತಾಗ್ಲಿಲ್ಲ' ಅಂದ.

'ಯಾಕೆ, ಚೆನ್ನಾಗಿಲ್ವಾ?'

'ಚೆನ್ನಾಗಿದೆ. ಆದ್ರೆ ಇದು ಒಂಥರಾ ಅಂಕಲ್‌ಗಳ ಬೇಸು. ಹಳೇ ರಾಕ್ ಬ್ಯಾಂಡೋರು ಹಿಡ್ಕೊಳ್ತಾರಲ್ಲ, ಆ ಥರ.' ಅವನಿಗೆ ಬೇಕಿದ್ದದ್ದು ಹೊಳಪೇ ಇಲ್ಲದ ಕಪ್ಪು ಬಣ್ಣದ್ದು, ತಲೆಯ ಭಾಗವೂ ಇಲ್ಲದ್ದು. ಫೋನಿನಲ್ಲಿ ಚಿತ್ರ ತೋರಿಸಿದ. ನೋಡಲು ಒಳ್ಳೆಯ ಇಸ್ತ್ರಿಪೆಟ್ಟಿಗೆಯ ಹಾಗಿತ್ತು.

ನನಗೆ ನಗು ತಡೆಯಲಾಗಲಿಲ್ಲ. ಒಂದು ವರ್ಷದಿಂದ ನಾನು ಈ ಬೇಸಿಗಿಂತ ದೊಡ್ಡವಳಾದೆ ಎಂದು ಒದ್ದಾಡುತ್ತಿದ್ದರೆ, ಬೇಸು ತನ್ನ ಪಾಡಿಗೆ ತಾನು ನನಗಿಂತ ಮುದಿಯಾಗಿ ಕೂತಿತ್ತು. ಹುಡುಗ ಗಾಬರಿಯಿಂದ ಸಾರಿ ಕೇಳಿದ. ಅವನ ಅಪ್ಪ, ಅಷ್ಟು ಹೊತ್ತೂ ಬಾಗಿಲ ಹತ್ತಿರ ಹೆಲ್ಮೆಟ್ ಹಿಡಿದು ನಿಂತಿದ್ದವರು, 'ಮೇಡಂ, ನೀವೊಂದು ಸಲ ನುಡ್ಸಿ, ಕೇಳೋಣ' ಅಂದರು. ಏನು ನುಡಿಸುವುದು ಎಂದು ಯೋಚಿಸದೆಯೇ ಕೈ 1981ರ 'ಗೀತಾ' ಚಿತ್ರದ ಜೋಡಿಗೀತೆಗೆ ಹೋಯಿತು. ಇಳಯರಾಜ ಅದರ ಬೇಸನ್ನು ಒಂದು ಕಡೆ ನಿಲ್ಲಗೊಡುವುದಿಲ್ಲ. ಹಾಡಿನ ಕೆಳಗೆ ಅದೇ ಇನ್ನೊಂದು ಹಾಡಿನ ಹಾಗೆ ಓಡಾಡುತ್ತದೆ. ರಾಗದ ಒಂದು ಸ್ವರವನ್ನೂ ಸೇರಿಸದೆ ಬರೀ ಬೇಸನ್ನಷ್ಟೇ ನುಡಿಸಿದೆ. ಎರಡನೇ ಸಾಲಿಗೆ ಬರುವಷ್ಟರಲ್ಲಿ ಅವರ ಹೆಲ್ಮೆಟ್ಟಿನ ಮೇಲೆ ಬೆರಳು ತಾಳ ಹಾಕುತ್ತಿದ್ದವು.

'ಶಂಕರ್ ನಾಗ್ ಪಿಚ್ಚರ್ ಹಾಡಲ್ವಾ ಇದು?'

ಹುಡುಗನಿಗೆ ಆಶ್ಚರ್ಯ. 'ಅಪ್ಪಾ, ಬರೀ ಬೇಸಲ್ಲಿ ಹೆಂಗ್ ಗೊತ್ತಾಯ್ತು?' ಅವರಿಗೂ ಹೇಳಲು ಬರಲಿಲ್ಲ. ಕಾಲೇಜಿನಲ್ಲಿದ್ದಾಗ ಟೇಪ್ ರೆಕಾರ್ಡರಿನಲ್ಲಿ ಕೇಳಿ ಕೇಳಿ ಕ್ಯಾಸೆಟ್ಟು ಸವೆದಿತ್ತು ಎಂದಷ್ಟೇ ಹೇಳಿದರು. ಹುಡುಗ ಪಕ್ಕ ಬಂದು ಕೂತು ಆ ತುಣುಕನ್ನು ತೋರಿಸಿಕೊಡಿ ಎಂದ. ವೇಗದವನಿಗೆ ನಿಧಾನ ಕಷ್ಟವಾಯಿತು. ಎರಡು ಸ್ವರಗಳ ನಡುವೆ ಸುಮ್ಮನಿರುವ ಜಾಗದಲ್ಲಿ ಅವನ ಬೆರಳು ಸುಮ್ಮನಿರುತ್ತಿರಲಿಲ್ಲ. ಮುಕ್ಕಾಲು ಗಂಟೆ ಹೋಯಿತು. ಹೋಗುವಾಗ ಅಪ್ಪ, ವಾರಕ್ಕೊಂದು ಸಲ ಇವನಿಗೆ ಹೇಳಿಕೊಡ್ತೀರಾ, ಫೀಸು ಎಷ್ಟು ಅಂದರು. ಬೆಲೆ ಹೇಳಿ ಅಭ್ಯಾಸವಿಲ್ಲದ್ದರಿಂದ ತಿಂಗಳಿಗೆ 1,500 ಎಂದೆ.

ಜಾಹೀರಾತನ್ನು ಅವತ್ತೇ ರಾತ್ರಿ ತೆಗೆದೆ. 1,500ರಲ್ಲಿ ಥೀಸಿಸ್ ಅಚ್ಚಾಗುವುದಿಲ್ಲ; ಮೇ ತಿಂಗಳಲ್ಲಿ ಉತ್ತರಪತ್ರಿಕೆ ಮೌಲ್ಯಮಾಪನದ ದುಡ್ಡು ಬರಬೇಕು, ಅಲ್ಲಿಯವರೆಗೆ ನಾಲ್ಕನೆಯ ಅಧ್ಯಾಯವನ್ನು ಇನ್ನೊಮ್ಮೆ ತಿದ್ದುವುದಿದೆ. ಗ್ಯಾರೇಜಿನ ಹುಡುಗರಿಗೆ ಬರುವ ತಿಂಗಳು ಕಾಲೇಜ್ ಡೇ. ಅವರು ಎಲ್ಲರೂ ಕಪ್ಪು ಅಂಗಿ ಹಾಕುತ್ತಾರಂತೆ, ನನಗೂ ಒಂದು ಕಪ್ಪು ಕುರ್ತಾ ತರಲು ಹೇಳಿದ್ದಾರೆ. ನಾನು ಅಮ್ಮನಿಗೆ ಫೋನ್ ಮಾಡಿ ಆ ಗಿಣಿಹಸಿರು ಸೀರೆಯ ಬ್ಲೌಸು ಈಗ ನನಗೆ ಹಿಡಿಯುತ್ತದಾ ಎಂದು ಕೇಳಿದೆ. 'ಯಾರ ಮದುವೆ?' ಅಂದಳು. ಯಾರದೂ ಇಲ್ಲ ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ಒಳಗಡೆ ಎರಡು ಇಂಚು ಬಟ್ಟೆ ಬಿಟ್ಟು ಹೊಲಿಸಿದ್ದು, ಬಿಚ್ಚಿಸಿದರೆ ಆಗುತ್ತದೆ ಅಂದಳು.